ಓದಿನ ದಾಖಲೆ

ಓದಿನ ದಾಖಲೆ ಎಂದರೆ ಓದುಗರೊಬ್ಬರು ತಾವು ಓದಿದ ಪುಸ್ತಕಗಳ ವಿವರಗಳನ್ನು ಕ್ರಮವಾಗಿ ಬರೆದಿಟ್ಟುಕೊಳ್ಳುವ ಪಟ್ಟಿ, ದಿನಚರಿ ಅಥವಾ ಟಿಪ್ಪಣಿ ಪುಸ್ತಕ. ರೀಡಿಂಗ್ ಲಾಗ್, ರೀಡಿಂಗ್ ಜರ್ನಲ್ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಪುಸ್ತಕದ ಹೆಸರು, ಲೇಖಕರ ಹೆಸರು ಮತ್ತು ಓದಿ ಮುಗಿಸಿದ ದಿನಾಂಕ ಇದರ ಕನಿಷ್ಠ ಅಂಶಗಳು. ಇವುಗಳೊಡನೆ ಸಾರಾಂಶ, ಆಯ್ದ ಭಾಗಗಳು, ಓದುಗರ ಅಭಿಪ್ರಾಯ ಹಾಗೂ ಪುಸ್ತಕ ದೊರೆತ ಬಗೆಯ ವಿವರಗಳೂ ಇರಬಹುದು.

ಸ್ವಂತ ನೆನಪಿಗೆಂದು ಬರೆದುಕೊಂಡ ಇಂತಹ ದಾಖಲೆಗಳು ಕಾಲಾನಂತರ ಸಾಹಿತ್ಯ ಚರಿತ್ರೆಗೆ, ವಿಜ್ಞಾನದ ಇತಿಹಾಸಕ್ಕೆ ಮತ್ತು ಓದಿನ ಸಾಮಾಜಿಕ ಇತಿಹಾಸಕ್ಕೆ ಆಕರಗಳಾಗಿವೆ. ಕಳೆದುಹೋದ ಕೆಲವು ಪ್ರಾಚೀನ ಕೃತಿಗಳ ಕುರಿತ ಮುಖ್ಯ ಮಾಹಿತಿಯು ಅವುಗಳನ್ನು ಓದಿದವರ ಟಿಪ್ಪಣಿಗಳಲ್ಲಿಯೇ ಉಳಿದಿದೆ. ಇನ್ನೊಂದೆಡೆ, ವ್ಯಕ್ತಿಯ ಓದಿನ ಬಗ್ಗೆ ಗ್ರಂಥಾಲಯ, ಪುಸ್ತಕ ಮಳಿಗೆ, ಜಾಲತಾಣ ಮುಂತಾದ ಅನ್ಯರು ಇಟ್ಟುಕೊಳ್ಳುವ ದಾಖಲೆಗಳು ಖಾಸಗಿತನದ ಪ್ರಶ್ನೆಗಳನ್ನು ಹುಟ್ಟುಹಾಕಿವೆ.

## ಸ್ವರೂಪ ಮತ್ತು ವಿಧಗಳು

ಓದಿನ ದಾಖಲೆಯು ಗ್ರಂಥಸೂಚಿಗಿಂತ ಭಿನ್ನವಾದುದು. ಗ್ರಂಥಸೂಚಿಯು ಒಂದು ವಿಷಯದ ಬಗ್ಗೆ ಅಥವಾ ಒಬ್ಬ ಲೇಖಕರಿಂದ ಯಾವ ಪುಸ್ತಕಗಳು ಪ್ರಕಟವಾಗಿವೆ ಎಂಬುದನ್ನು ತಿಳಿಸಿದರೆ, ಓದಿನ ದಾಖಲೆಯು ನಿರ್ದಿಷ್ಟ ವ್ಯಕ್ತಿಯೊಬ್ಬರು ನಿರ್ದಿಷ್ಟ ಕಾಲದಲ್ಲಿ ಏನನ್ನು ಓದಿದರು ಎಂಬುದನ್ನು ತಿಳಿಸುತ್ತದೆ. ಮನೆಯ ಕಪಾಟಿನಲ್ಲಿರುವ ಪುಸ್ತಕಗಳ ಪಟ್ಟಿಯೂ ಓದಿನ ದಾಖಲೆಯಲ್ಲ. ಸಂಗ್ರಹಿಸಿದ ಪುಸ್ತಕಗಳೆಲ್ಲವನ್ನೂ ಓದಿರಬೇಕೆಂದಿಲ್ಲ, ಓದಿದವೆಲ್ಲವೂ ಸ್ವಂತದ್ದಾಗಿರಬೇಕೆಂದೂ ಇಲ್ಲ. ಪ್ರಕಟಣೆಗೆಂದು ಬರೆದ ವಿಮರ್ಶೆಗೆ ಓದುಗ ಸಮೂಹವೊಂದು ಎದುರಿಗಿರುತ್ತದೆ. ಓದಿನ ದಾಖಲೆಗೆ ಬಹುಮಟ್ಟಿಗೆ ಬರೆದವರೇ ಓದುಗರು.

ಪ್ರಧಾನವಾಗಿ ಕಂಡುಬರುವ ವಿಧಗಳು ಇವು:

* ಸರಳ ಪಟ್ಟಿ: ಪುಸ್ತಕ, ಲೇಖಕ ಮತ್ತು ದಿನಾಂಕಗಳಷ್ಟೇ ಇರುವ ಕಾಲಾನುಕ್ರಮದ ಪಟ್ಟಿ.
* ಟಿಪ್ಪಣಿಸಹಿತ ದಾಖಲೆ: ಪ್ರತಿ ಪುಸ್ತಕದ ಸಾರಾಂಶ ಮತ್ತು ಓದುಗರ ಅಭಿಪ್ರಾಯಗಳನ್ನು ಒಳಗೊಂಡದ್ದು.
* ಆಯ್ದ ಭಾಗಗಳ ಸಂಗ್ರಹ: ಓದುವಾಗ ಮೆಚ್ಚುಗೆಯಾದ ಅಥವಾ ಉಪಯುಕ್ತವೆನಿಸಿದ ಭಾಗಗಳನ್ನು ವಿಷಯವಾರು ನಕಲು ಮಾಡಿಕೊಳ್ಳುವ ಪುಸ್ತಕ. ಯುರೋಪಿನಲ್ಲಿ ಇದು ಕಾಮನ್‌ಪ್ಲೇಸ್ ಬುಕ್ ಎಂದು ಪ್ರಸಿದ್ಧವಾಗಿದೆ.
* ದಿನಚರಿಯ ಭಾಗವಾಗಿರುವ ದಾಖಲೆ: ಇತರ ನಿತ್ಯ ಸಂಗತಿಗಳ ನಡುವೆ ಓದಿನ ಪ್ರಸ್ತಾಪವಿರುವಂಥದ್ದು.
* ಎರವಲು ದಾಖಲೆ: ಗ್ರಂಥಾಲಯವು ಇಟ್ಟುಕೊಳ್ಳುವ ವಿತರಣಾ ವಹಿ. ಇದು ಪುಸ್ತಕವನ್ನು ಕೊಂಡೊಯ್ದದ್ದಕ್ಕೆ ಸಾಕ್ಷಿಯೇ ಹೊರತು ಓದಿದ್ದಕ್ಕೆ ನೇರ ಸಾಕ್ಷಿಯಲ್ಲ.

## ಇತಿಹಾಸ

### ಪ್ರಾಚೀನ ಕಾಲ ಮತ್ತು ಮಧ್ಯಯುಗ

ರೋಮನ್ ಲೇಖಕ ಹಿರಿಯ ಪ್ಲಿನಿಯ ಓದಿನ ಕ್ರಮವನ್ನು ಆತನ ಸೋದರಳಿಯನಾದ ಕಿರಿಯ ಪ್ಲಿನಿಯು ತನ್ನ ಪತ್ರವೊಂದರಲ್ಲಿ ವಿವರಿಸಿದ್ದಾನೆ. ಹಿರಿಯ ಪ್ಲಿನಿಯು ಯಾವ ಪುಸ್ತಕವನ್ನು ಓದಿದರೂ ಅದರಿಂದ ಆಯ್ದ ಭಾಗಗಳನ್ನು ಬರೆಸಿಕೊಳ್ಳುತ್ತಿದ್ದನು. ಆತನು ಬಿಟ್ಟುಹೋದ ಇಂತಹ ಟಿಪ್ಪಣಿ ಸಂಪುಟಗಳ ಸಂಖ್ಯೆ 160. ಅವು ಸುರುಳಿಯ ಎರಡೂ ಬದಿಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಂಥವು. ಆತನ ವಿಶ್ವಕೋಶ ಸ್ವರೂಪದ 'ನ್ಯಾಚುರಲಿಸ್ ಹಿಸ್ಟೋರಿಯಾ' ಇಂತಹ ಓದಿನ ಫಲ. ಕ್ರಿ.ಶ. 2ನೆಯ ಶತಮಾನದ ಔಲಸ್ ಗೆಲ್ಲಿಯಸ್ ತಾನು ಓದಿದ್ದನ್ನು ಮತ್ತು ಕೇಳಿದ್ದನ್ನು ಗುರುತು ಹಾಕಿಕೊಂಡ ಟಿಪ್ಪಣಿಗಳಿಂದಲೇ 'ನಾಕ್ಟೆಸ್ ಅಟಿಕೇ' ಎಂಬ ಗ್ರಂಥವನ್ನು ರಚಿಸಿದನು.

ಮಧ್ಯಯುಗದ ಅತ್ಯಂತ ಮಹತ್ವದ ಓದಿನ ದಾಖಲೆಯೆಂದರೆ 9ನೆಯ ಶತಮಾನದ ಬೈಜಾಂಟೈನ್ ವಿದ್ವಾಂಸ ಫೋಟಿಯಸ್‌ನ 'ಬಿಬ್ಲಿಯೊಥೆಕಾ'. ಮುಂದೆ ಕಾನ್‌ಸ್ಟಾಂಟಿನೋಪಲ್‌ನ ಧರ್ಮಾಧ್ಯಕ್ಷನಾದ ಫೋಟಿಯಸ್ ತಾನು ಓದಿದ ಗ್ರಂಥಗಳ ವಿವರಗಳನ್ನು ತಮ್ಮನಾದ ತರಾಸಿಯಸ್‌ಗಾಗಿ ಬರೆದನು. ಇದರಲ್ಲಿ ಸುಮಾರು 280 ಅಧ್ಯಾಯಗಳಿವೆ. ಕೆಲವು ಒಂದೆರಡು ಸಾಲಿನವು, ಮತ್ತೆ ಕೆಲವು ಹಲವು ಪುಟಗಳ ಸಂಗ್ರಹಗಳು. ಅವನು ಓದಿದ ಗ್ರಂಥಗಳಲ್ಲಿ ಬಹುಪಾಲು ಇಂದು ಪೂರ್ಣ ರೂಪದಲ್ಲಿ ಲಭ್ಯವಿಲ್ಲ. ಪಾರಸಿಕ ಆಸ್ಥಾನದಲ್ಲಿ ವೈದ್ಯನಾಗಿದ್ದ ಗ್ರೀಕ್ ಲೇಖಕ ಟೀಸಿಯಸ್ ಭಾರತದ ಕುರಿತು ಬರೆದ 'ಇಂಡಿಕಾ' ಅವುಗಳಲ್ಲೊಂದು. ಭಾರತವನ್ನು ಕುರಿತ ಈ ಪ್ರಾಚೀನ ಗ್ರೀಕ್ ಗ್ರಂಥದ ಸ್ವರೂಪವು ಇಂದು ತಿಳಿದಿರುವುದು ಮುಖ್ಯವಾಗಿ ಫೋಟಿಯಸ್ ಬರೆದಿಟ್ಟ ಸಾರಾಂಶದಿಂದ.

ಇದೇ ಶತಮಾನದ ಕನ್ನಡ ಕೃತಿ 'ಕವಿರಾಜಮಾರ್ಗ'ವು ಅಲಂಕಾರ ಗ್ರಂಥವೇ ಹೊರತು ಓದಿನ ದಾಖಲೆಯಲ್ಲ. ಆದರೆ ಪೂರ್ವದ ಕನ್ನಡ ಲೇಖಕರ ಹೆಸರುಗಳನ್ನು ಉಳಿಸಿಕೊಟ್ಟಿರುವ ಮಟ್ಟಿಗೆ ಅದು ಇಂತಹುದೇ ಉಪಕಾರವನ್ನು ಮಾಡಿದೆ. ಅದರಲ್ಲಿ ಹೆಸರಿಸಲಾಗಿರುವ ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರ ಕನ್ನಡ ಕೃತಿಗಳು ದೊರೆತಿಲ್ಲ. 13ನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು ಸಂಕಲಿಸಿದ 'ಸೂಕ್ತಿಸುಧಾರ್ಣವ'ವು ಪೂರ್ವಕವಿಗಳ ಕಾವ್ಯಗಳಿಂದ ಆಯ್ದ ಪದ್ಯಗಳನ್ನು ವರ್ಣನೆಯ ವಿಷಯಕ್ಕೆ ಅನುಗುಣವಾಗಿ ಜೋಡಿಸಿದ ಸಂಕಲನವಾಗಿದ್ದು, ಸ್ವರೂಪದಲ್ಲಿ ಆಯ್ದ ಭಾಗಗಳ ಸಂಗ್ರಹಕ್ಕೆ ಸಮೀಪವಾಗಿದೆ.

### ಮಾಂಟೇನ್ ಮತ್ತು ಲಾಕ್

ಆಧುನಿಕ ಅರ್ಥದಲ್ಲಿ ಖಾಸಗಿ ಓದಿನ ದಾಖಲೆಯ ಸ್ಪಷ್ಟ ವಿವರಣೆಯು ಫ್ರೆಂಚ್ ಪ್ರಬಂಧಕಾರ ಮಿಶೆಲ್ ದ ಮಾಂಟೇನ್‌ನಲ್ಲಿ ದೊರೆಯುತ್ತದೆ. 1580ರಲ್ಲಿ ಪ್ರಕಟವಾದ 'ಎಸ್ಸೇ' ಸಂಕಲನದಲ್ಲಿ ಪುಸ್ತಕಗಳನ್ನು ಕುರಿತ ಪ್ರಬಂಧವೊಂದಿದೆ. ಕೆಲವು ವರ್ಷಗಳ ಹಿಂದೆ ಎಚ್ಚರಿಕೆಯಿಂದ ಓದಿ, ಗುರುತುಗಳನ್ನೂ ಹಾಕಿದ್ದ ಪುಸ್ತಕಗಳನ್ನೇ ಹೊಸದೆಂದು ಭಾವಿಸಿ ಮತ್ತೆ ಕೈಗೆತ್ತಿಕೊಂಡ ಪ್ರಸಂಗಗಳನ್ನು ಮಾಂಟೇನ್ ಅದರಲ್ಲಿ ಹೇಳಿಕೊಂಡಿದ್ದಾನೆ. ಈ ಮರೆವಿಗೆ ಪರಿಹಾರವಾಗಿ ಅವನು ಕಂಡುಕೊಂಡ ಉಪಾಯವೆಂದರೆ, ಮತ್ತೆ ಓದುವ ಉದ್ದೇಶವಿಲ್ಲದ ಪ್ರತಿ ಪುಸ್ತಕದ ಕೊನೆಯಲ್ಲಿ ಓದಿ ಮುಗಿಸಿದ ಕಾಲವನ್ನೂ ಲೇಖಕನ ಬಗ್ಗೆ ತನಗೆ ಮೂಡಿದ ಒಟ್ಟು ಅಭಿಪ್ರಾಯವನ್ನೂ ಬರೆದಿಡುವುದು. ಇತಿಹಾಸಕಾರರಾದ ಗ್ವಿಚ್ಚಾರ್ದೀನಿ ಮತ್ತು ಕೊಮೀನ್ ಅವರ ಪುಸ್ತಕಗಳಲ್ಲಿ ತಾನು ಬರೆದಿದ್ದ ಟಿಪ್ಪಣಿಗಳನ್ನು ಮಾಂಟೇನ್ ಉದಾಹರಣೆಗಾಗಿ ನೀಡಿದ್ದಾನೆ.

ಮುದ್ರಿತ ಪುಸ್ತಕಗಳು ಹೆಚ್ಚಿದಂತೆ ಟಿಪ್ಪಣಿಗಳನ್ನು ಮರಳಿ ಹುಡುಕುವುದು ಸಮಸ್ಯೆಯಾಯಿತು. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ಇದಕ್ಕೆ ಒಂದು ಸೂಚಿ ವಿಧಾನವನ್ನು ರೂಪಿಸಿದನು. ಇದು 1686ರಲ್ಲಿ ಫ್ರೆಂಚ್ ಭಾಷೆಯಲ್ಲಿಯೂ, ಲಾಕ್‌ನ ಮರಣಾನಂತರ 1706ರಲ್ಲಿ ಇಂಗ್ಲಿಷಿನಲ್ಲಿಯೂ ಪ್ರಕಟವಾಯಿತು. ಟಿಪ್ಪಣಿಯ ಶೀರ್ಷಿಕೆ ಪದದ ಮೊದಲ ಅಕ್ಷರ ಮತ್ತು ಅದರ ನಂತರ ಬರುವ ಮೊದಲ ಸ್ವರ, ಇವೆರಡರ ಆಧಾರದ ಮೇಲೆ ಪುಟಸಂಖ್ಯೆಯನ್ನು ಎರಡು ಪುಟಗಳ ಸೂಚಿಯಲ್ಲಿ ನಮೂದಿಸುವುದು ಇದರ ಕ್ರಮ. ಪ್ರತಿ ವಿಷಯಕ್ಕೂ ಮೊದಲೇ ಖಾಲಿ ಪುಟಗಳನ್ನು ಮೀಸಲಿಡುವ ಅಗತ್ಯ ಇದರಿಂದ ತಪ್ಪಿತು.

### 19 ಮತ್ತು 20ನೆಯ ಶತಮಾನಗಳು

'ಫ್ರಾಂಕೆನ್‌ಸ್ಟೈನ್' ಕಾದಂಬರಿಯ ಲೇಖಕಿ ಮೇರಿ ಶೆಲ್ಲಿ 1814ರಿಂದ ಬರೆದ ದಿನಚರಿಯಲ್ಲಿ ವರ್ಷವಾರು ಓದಿನ ಪಟ್ಟಿಗಳಿವೆ. ಪತಿ ಪರ್ಸಿ ಶೆಲ್ಲಿ ಓದಿದ ಪುಸ್ತಕಗಳನ್ನೂ ಆಕೆ ಗುರುತಿಸಿದ್ದಾಳೆ. ಕಾದಂಬರಿಯ ರಚನೆಯ ಕಾಲದಲ್ಲಿ ಲೇಖಕಿಯ ಮುಂದೆ ಯಾವ ಕೃತಿಗಳಿದ್ದವು ಎಂಬುದನ್ನು ನಿರ್ಧರಿಸಲು ಸಂಶೋಧಕರು ಈ ಪಟ್ಟಿಗಳನ್ನು ಅವಲಂಬಿಸಿದ್ದಾರೆ.

ಚಾರ್ಲ್ಸ್ ಡಾರ್ವಿನ್ 1838ರಿಂದ 1860ರವರೆಗೆ ಓದಬೇಕಾದ ಪುಸ್ತಕಗಳು ಮತ್ತು ಓದಿದ ಪುಸ್ತಕಗಳು ಎಂಬ ಎರಡು ಬಗೆಯ ಪಟ್ಟಿಗಳನ್ನು ಇಟ್ಟಿದ್ದನು. ವಿಜ್ಞಾನ ಗ್ರಂಥಗಳೊಡನೆ ಪ್ರವಾಸ ಕಥನ, ಜೀವನಚರಿತ್ರೆ ಮತ್ತು ಕಾದಂಬರಿಗಳೂ ಇವುಗಳಲ್ಲಿವೆ. ನಿಸರ್ಗದ ಆಯ್ಕೆಯ ಸಿದ್ಧಾಂತವು ಹೊಳೆಯಲು ಕಾರಣವಾದದ್ದು ಜನಸಂಖ್ಯೆಯನ್ನು ಕುರಿತ ಮಾಲ್ಥಸ್‌ನ ಪ್ರಬಂಧವೆಂದು ಡಾರ್ವಿನ್ 1876ರಲ್ಲಿ ಬರೆದ ಆತ್ಮಕಥನದಲ್ಲಿ ನೆನಪಿಸಿಕೊಂಡು, ಅದನ್ನು ಓದಿದ ಕಾಲವನ್ನು 1838ರ ಅಕ್ಟೋಬರ್ ಎಂದು ತಿಳಿಸಿದ್ದಾನೆ. ಮಾಲ್ಥಸ್‌ನ ಹೆಸರು ಆ ತಿಂಗಳಿನ ಆರಂಭದ ಓದಿನ ಪಟ್ಟಿಯಲ್ಲಿದೆ. ಆದರೆ ಅವನ ವಾದವನ್ನು ಕುರಿತ ಟಿಪ್ಪಣಿಯು ಡಾರ್ವಿನ್‌ನ ಇನ್ನೊಂದು ಪುಸ್ತಕದಲ್ಲಿ ಸೆಪ್ಟೆಂಬರ್ 28ರ ದಿನಾಂಕದಡಿ ಕಂಡುಬರುತ್ತದೆ. ಸುಮಾರು ನಾಲ್ಕು ದಶಕಗಳ ನಂತರದ ನೆನಪನ್ನು ಆಯಾ ದಿನದ ಬರಹದೊಡನೆ ಹೋಲಿಸಿ ನೋಡಲು ಸಾಧ್ಯವಾಗಿರುವುದು ಈ ದಾಖಲೆಗಳಿಂದ.

ವರ್ಜೀನಿಯಾ ವುಲ್ಫ್‌ಳ ಓದಿನ ಟಿಪ್ಪಣಿ ಪುಸ್ತಕಗಳಲ್ಲಿ 67 ಉಳಿದಿದ್ದು, ಅವುಗಳ ವಿವರಣಾತ್ಮಕ ಸೂಚಿಯನ್ನು ಬ್ರೆಂಡಾ ಸಿಲ್ವರ್ 1983ರಲ್ಲಿ ಪ್ರಕಟಿಸಿದರು. ಅಮೆರಿಕದ ಗಾಯಕ ಆರ್ಟ್ ಗಾರ್ಫಂಕಲ್ 1968ರ ಜೂನ್‌ನಿಂದ ಓದಿದ ಪುಸ್ತಕಗಳ ಪಟ್ಟಿಯನ್ನು ಇಟ್ಟುಕೊಂಡು ತಮ್ಮ ಜಾಲತಾಣದಲ್ಲಿ ಪ್ರಕಟಿಸಿದ್ದಾರೆ. ಅದರಲ್ಲಿ ಸಾವಿರಕ್ಕೂ ಹೆಚ್ಚು ಪುಸ್ತಕಗಳಿವೆ.

### ಭಾರತದ ಸೆರೆಮನೆ ದಾಖಲೆಗಳು

ಸ್ವಾತಂತ್ರ್ಯ ಚಳವಳಿಯ ಕಾಲದ ಸೆರೆವಾಸವು ಹಲವು ನಾಯಕರಿಗೆ ದೀರ್ಘ ಓದಿನ ಅವಧಿಯಾಯಿತು. ಅಲ್ಲಿ ಪುಸ್ತಕಗಳಿಗೂ ಬರವಣಿಗೆಯ ಸಾಮಗ್ರಿಗಳಿಗೂ ಅಧಿಕಾರಿಗಳ ಅನುಮತಿ ಬೇಕಿದ್ದುದರಿಂದ ಆ ಕಾಲದ ಓದಿನ ದಾಖಲೆಗಳಿಗೆ ವಿಶೇಷ ಮಹತ್ವವಿದೆ.

1922ರ ಮಾರ್ಚ್‌ನಲ್ಲಿ ಶಿಕ್ಷೆಗೊಳಗಾಗಿ 1924ರ ಫೆಬ್ರವರಿಯವರೆಗೆ ಸೆರೆಯಲ್ಲಿದ್ದ ಮಹಾತ್ಮ ಗಾಂಧಿಯವರು ಯೆರವಡಾ ಸೆರೆಮನೆಯಲ್ಲಿ ಬರೆದ ದಿನಚರಿಯು ಬಹುಮಟ್ಟಿಗೆ ಓದಿದ ಪುಸ್ತಕಗಳ ನಮೂದುಗಳಿಂದ ಕೂಡಿದೆ. ಮಹಾಭಾರತ ಹಾಗೂ ಇತರ ಧಾರ್ಮಿಕ ಗ್ರಂಥಗಳೊಡನೆ ರೋಮನ್ ಸಾಮ್ರಾಜ್ಯದ ಪತನವನ್ನು ಕುರಿತ ಗಿಬ್ಬನ್‌ನ ಇತಿಹಾಸವನ್ನೂ ಅವರು ಅಲ್ಲಿ ಓದಿದರು. ಬಿಡುಗಡೆಯ ನಂತರ ಸೆರೆಮನೆಯ ಅನುಭವಗಳನ್ನು ಕುರಿತು 'ಯಂಗ್ ಇಂಡಿಯಾ'ದಲ್ಲಿ ಬರೆದ ಲೇಖನಮಾಲೆಯಲ್ಲಿ ಈ ಓದಿನ ಪ್ರಸ್ತಾಪವಿದೆ. ಜವಾಹರಲಾಲ್ ನೆಹರೂ ಅವರು ಸೆರೆಮನೆಯಲ್ಲಿ ಓದಿದ ಪುಸ್ತಕಗಳ ಪಟ್ಟಿಗಳನ್ನು ಇಟ್ಟುಕೊಂಡಿದ್ದರು.

ಭಗತ್ ಸಿಂಗ್ ಅವರಿಗೆ ಲಾಹೋರ್ ಸೆರೆಮನೆಯಲ್ಲಿ 1929ರ ಸೆಪ್ಟೆಂಬರ್ 12ರಂದು 404 ಪುಟಗಳ ಟಿಪ್ಪಣಿ ಪುಸ್ತಕವೊಂದನ್ನು ನೀಡಲಾಗಿತ್ತು. 1931ರ ಮಾರ್ಚ್ 23ರಂದು ಗಲ್ಲಿಗೇರುವ ಮುನ್ನ ಅವರು ಎಂಗೆಲ್ಸ್, ಥಾಮಸ್ ಪೇನ್, ಜಾಕ್ ಲಂಡನ್ ಮುಂತಾದವರ ಬರಹಗಳಿಂದ ಆಯ್ದ ಭಾಗಗಳನ್ನು ಅದರಲ್ಲಿ ಬರೆದುಕೊಂಡಿದ್ದಾರೆ. 1994ರಲ್ಲಿ ಇದು ಪುಸ್ತಕ ರೂಪದಲ್ಲಿ ಪ್ರಕಟವಾಯಿತು. ಅವರ ಚಿಂತನೆಯ ಕೊನೆಯ ಹಂತವನ್ನು ಅಧ್ಯಯನ ಮಾಡುವವರಿಗೆ ಇದು ಪ್ರಾಥಮಿಕ ಆಕರ.

### ಕನ್ನಡ ಲೇಖಕರಲ್ಲಿ

ಕನ್ನಡದ ಆತ್ಮಕಥನಗಳಲ್ಲಿ ಓದಿನ ಪ್ರಸ್ತಾಪಗಳು ಹೇರಳವಾಗಿವೆಯಾದರೂ ಅವು ಸಾಮಾನ್ಯವಾಗಿ ಮುಂದಿನ ಕಾಲದ ನೆನಪಿನಿಂದ ಬರೆದವು. ಕುವೆಂಪು ಅವರ 'ನೆನಪಿನ ದೋಣಿಯಲ್ಲಿ' ಈ ದೃಷ್ಟಿಯಿಂದ ಗಮನಾರ್ಹವಾಗಿದೆ. ಮೈಸೂರಿನ ವಿದ್ಯಾರ್ಥಿ ಜೀವನದ ಕಾಲದಲ್ಲಿ ಬರೆದಿದ್ದ ದಿನಚರಿಯ ನಮೂದುಗಳನ್ನು ಅವರು ಅದರಲ್ಲಿ ಬಳಸಿಕೊಂಡಿದ್ದು, ಆಗ ಓದುತ್ತಿದ್ದ ಪುಸ್ತಕಗಳ ಉಲ್ಲೇಖಗಳು ಅವುಗಳಲ್ಲಿವೆ.

## ದಾಖಲೆಯ ಅಂಶಗಳು

ಓದಿನ ದಾಖಲೆಗೆ ಸರ್ವಮಾನ್ಯವಾದ ನಮೂನೆಯಿಲ್ಲ. ಸಾಮಾನ್ಯವಾಗಿ ಬಳಕೆಯಲ್ಲಿರುವ ಅಂಶಗಳು ಹೀಗಿವೆ:

* ಪುಸ್ತಕದ ಹೆಸರು ಮತ್ತು ಲೇಖಕ. ಅನುವಾದವಾಗಿದ್ದರೆ ಅನುವಾದಕ ಮತ್ತು ಮೂಲ ಭಾಷೆ
* ಪ್ರಕಾಶಕ, ಮುದ್ರಣದ ವರ್ಷ ಮತ್ತು ಪುಟಗಳ ಸಂಖ್ಯೆ
* ಓದಲು ಆರಂಭಿಸಿದ ಮತ್ತು ಮುಗಿಸಿದ ದಿನಾಂಕಗಳು
* ಪುಸ್ತಕ ದೊರೆತ ಮೂಲ: ಗ್ರಂಥಾಲಯ, ಖರೀದಿ, ಸ್ನೇಹಿತರು
* ಮುದ್ರಿತ ಪುಸ್ತಕ, ಇ-ಪುಸ್ತಕ ಅಥವಾ ಕೇಳುಪುಸ್ತಕ ಎಂಬ ವಿವರ
* ಸಾರಾಂಶ, ಅಭಿಪ್ರಾಯ, ಪುಟಸಂಖ್ಯೆಸಹಿತ ಟಿಪ್ಪಣಿಗಳು
* ಮೊದಲ ಓದೋ ಮರು ಓದೋ ಎಂಬ ಸೂಚನೆ. ಅರ್ಧಕ್ಕೆ ಬಿಟ್ಟಿದ್ದರೆ ಎಲ್ಲಿಯವರೆಗೆ ಓದಲಾಯಿತು ಎಂಬ ವಿವರ

ಮೊದಲ ಪ್ರಕಟಣೆಯ ವರ್ಷ ಮತ್ತು ಕೈಯಲ್ಲಿರುವ ಪ್ರತಿಯ ಮುದ್ರಣದ ವರ್ಷಗಳನ್ನು ಪ್ರತ್ಯೇಕವಾಗಿ ನಮೂದಿಸುವುದು ಉಪಯುಕ್ತ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' 1941ರ ಕಾದಂಬರಿ. ಓದುಗರ ಕೈಯಲ್ಲಿರುವುದು ಹಲವು ದಶಕಗಳ ನಂತರದ ಮುದ್ರಣವಾಗಿರಬಹುದು. ಮುದ್ರಣ ಬದಲಾದಂತೆ ಪುಟಸಂಖ್ಯೆಗಳೂ ಬದಲಾಗುವುದರಿಂದ, ಮುದ್ರಣದ ವಿವರವಿಲ್ಲದ ಪುಟಸಂಖ್ಯೆಯು ಮುಂದೆ ಪ್ರಯೋಜನಕ್ಕೆ ಬರುವುದಿಲ್ಲ. ಅನುವಾದಗಳ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರದು, ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ 1976ರದು. ಎರಡನ್ನೂ ಓದಿದವರಿಗೆ ಅವು ಎರಡು ಪ್ರತ್ಯೇಕ ನಮೂದುಗಳು.

ಕನ್ನಡ ಪುಸ್ತಕಗಳ ಪಟ್ಟಿ ಮಾಡುವಾಗ ಲೇಖಕರ ಹೆಸರುಗಳ ಏಕರೂಪತೆಯು ಮುಖ್ಯ ಸಮಸ್ಯೆಯಾಗುತ್ತದೆ. ಕುವೆಂಪು ಮತ್ತು ಕೆ. ವಿ. ಪುಟ್ಟಪ್ಪ, ಅಂಬಿಕಾತನಯದತ್ತ ಮತ್ತು ದ. ರಾ. ಬೇಂದ್ರೆ, ಶ್ರೀನಿವಾಸ ಮತ್ತು ಮಾಸ್ತಿ ವೆಂಕಟೇಶ ಅಯ್ಯಂಗಾರ್, ವಿನಾಯಕ ಮತ್ತು ವಿ. ಕೃ. ಗೋಕಾಕ್ ಎಂಬ ಜೋಡಿ ಹೆಸರುಗಳಲ್ಲಿ ಯಾವುದಾದರೂ ಒಂದನ್ನು ಪ್ರಧಾನವಾಗಿ ಬಳಸಿ ಇನ್ನೊಂದನ್ನು ಅಡ್ಡ ಉಲ್ಲೇಖವಾಗಿ ನೀಡದಿದ್ದರೆ ಒಬ್ಬರೇ ಲೇಖಕರ ಕೃತಿಗಳು ಪಟ್ಟಿಯ ಎರಡು ಕಡೆ ಹಂಚಿಹೋಗುತ್ತವೆ. ಊರಿನ ಹೆಸರು ಮತ್ತು ಮೊದಲಕ್ಷರಗಳ ಬಳಕೆಯಲ್ಲಿಯೂ ಇದೇ ತೊಡಕು ಇದೆ.

## ನೆನಪು ಮತ್ತು ಕಲಿಕೆ

ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲಿ ಮತ್ತು ದಿನಗಳಲ್ಲಿ ವೇಗವಾಗಿಯೂ ನಂತರ ನಿಧಾನವಾಗಿಯೂ ಮರೆಯುತ್ತದೆ ಎಂಬುದನ್ನು ತೋರಿಸಿದನು. ಆತನ ಪ್ರಯೋಗಗಳು ಅರ್ಥರಹಿತ ಅಕ್ಷರಗುಚ್ಛಗಳನ್ನು ಕುರಿತವು. ಅರ್ಥಪೂರ್ಣವಾದ ಕಥನವು ಅಷ್ಟು ಬೇಗ ಮರೆಯುವುದಿಲ್ಲ.

2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಪ್ರಕಟಿಸಿದ ಪ್ರಯೋಗಗಳಲ್ಲಿ, ಗದ್ಯಭಾಗವೊಂದನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳಿಗಿಂತ ಓದಿದ ನಂತರ ಅದನ್ನು ನೆನಪಿನಿಂದ ಬರೆಯಲು ಯತ್ನಿಸಿದವರು ಒಂದು ವಾರದ ಬಳಿಕ ಹೆಚ್ಚು ಅಂಶಗಳನ್ನು ನೆನಪಿಸಿಕೊಂಡರು. ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮಾತ್ರ ಮರು ಓದಿದವರದೇ ಮೇಲುಗೈಯಾಗಿತ್ತು. ಈ ಆಧಾರದ ಮೇಲೆ ನೋಡಿದರೆ, ಪುಸ್ತಕವನ್ನು ಮುಚ್ಚಿಟ್ಟು ಸ್ವಂತ ಮಾತುಗಳಲ್ಲಿ ಬರೆಯುವ ಸಾರಾಂಶವು ಪುಸ್ತಕವನ್ನು ಮುಂದಿಟ್ಟುಕೊಂಡು ಮಾಡುವ ನಕಲಿಗಿಂತ ನೆನಪಿಗೆ ಹೆಚ್ಚು ಸಹಾಯಕ. ನಿಖರತೆ ಬೇಕಾದ ಕಡೆ ನಕಲೇ ಅಗತ್ಯವಾಗುತ್ತದೆ. ಸಂಶೋಧನಾ ವಿದ್ಯಾರ್ಥಿಗಳು ಲೇಖಕರ ಮಾತನ್ನೂ ತಮ್ಮ ಮಾತನ್ನೂ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬೇರ್ಪಡಿಸಿ ಬರೆಯದಿದ್ದರೆ, ಮುಂದೆ ಅನ್ಯರ ವಾಕ್ಯವನ್ನು ಸ್ವಂತದ್ದೆಂದು ಭ್ರಮಿಸಿ ಬಳಸುವ ಅಪಾಯವಿರುತ್ತದೆ.

## ಶಾಲೆಗಳಲ್ಲಿ ಬಳಕೆ

ಹಲವು ದೇಶಗಳ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳು ದಿನವೂ ಓದಿದ ಪುಟಗಳನ್ನು ಅಥವಾ ನಿಮಿಷಗಳನ್ನು ಬರೆದು ಪೋಷಕರ ಸಹಿ ಪಡೆಯುವ ಪದ್ಧತಿಯಿದೆ. ಇದರಿಂದ ಓದು ಅಭ್ಯಾಸವಾಗುತ್ತದೆ ಎಂಬುದು ಸಮರ್ಥಕರ ವಾದ. ಕಡ್ಡಾಯದ ಲೆಕ್ಕವು ಓದನ್ನು ಮನೆಗೆಲಸದ ಮಟ್ಟಕ್ಕೆ ಇಳಿಸುತ್ತದೆ ಎಂಬುದು ವಿರೋಧಿಗಳ ಅಭಿಪ್ರಾಯ.

ಸಾರಾ ಪಾಕ್ ಮತ್ತು ಆಲಿಸನ್ ವೆಸ್ಲಿ 2012ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವು ಎರಡನೆಯ ಮತ್ತು ಮೂರನೆಯ ತರಗತಿಯ ಮಕ್ಕಳಲ್ಲಿ ಕಡ್ಡಾಯ ದಾಖಲೆ ಮತ್ತು ಐಚ್ಛಿಕ ದಾಖಲೆಗಳ ಪರಿಣಾಮವನ್ನು ಹೋಲಿಸಿತು. ಕಡ್ಡಾಯ ಗುಂಪಿನ ಮಕ್ಕಳಲ್ಲಿ ಓದಿನ ಆಸಕ್ತಿ ಕುಗ್ಗಿದ್ದು, ಐಚ್ಛಿಕ ಗುಂಪಿನಲ್ಲಿ ಹೆಚ್ಚಿದ್ದುದು ಕಂಡುಬಂದಿತು. ಬಹುಮಾನದ ನಿರೀಕ್ಷೆಯು ಸಹಜ ಆಸಕ್ತಿಯನ್ನು ಕುಗ್ಗಿಸಬಲ್ಲದು ಎಂಬುದನ್ನು ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿಯೇ ಚಿತ್ರ ಬರೆಯುವ ಮಕ್ಕಳ ಮೇಲಿನ ಪ್ರಯೋಗದಲ್ಲಿ ತೋರಿಸಿದ್ದರು. ಮಗು ತಾನೇ ಆರಿಸಿಕೊಂಡ ಪುಸ್ತಕ, ಚಿತ್ರದ ಮೂಲಕ ನೀಡಬಹುದಾದ ಪ್ರತಿಕ್ರಿಯೆ, ತರಗತಿಯಲ್ಲಿ ಪುಸ್ತಕದ ಬಗ್ಗೆ ಮಾತುಕತೆ ಇವು ಪುಟಗಳ ಎಣಿಕೆಗೆ ಪರ್ಯಾಯಗಳಾಗಿ ಬಳಕೆಯಲ್ಲಿವೆ.

## ಗ್ರಂಥಾಲಯದ ಎರವಲು ದಾಖಲೆಗಳು

### ವಿತರಣಾ ವಿಧಾನಗಳು

ಓದುಗರ ಹೆಸರಿನೊಡನೆ ಪುಸ್ತಕದ ಹೆಸರನ್ನು ವಹಿಯಲ್ಲಿ ಬರೆಯುವುದು ಅತ್ಯಂತ ಹಳೆಯ ವಿಧಾನ. 1900ರ ಸುಮಾರಿಗೆ ಅಮೆರಿಕದಲ್ಲಿ ಬಳಕೆಗೆ ಬಂದ ನ್ಯೂಆರ್ಕ್ ವಿಧಾನದಲ್ಲಿ ಪುಸ್ತಕದ ಕಾರ್ಡಿನ ಮೇಲೆ ಎರವಲು ಪಡೆದವರ ಸಂಖ್ಯೆಯನ್ನೂ ದಿನಾಂಕವನ್ನೂ ಬರೆಯಲಾಗುತ್ತದೆ. ಹೀಗಾಗಿ ಒಂದು ಪುಸ್ತಕವನ್ನು ಯಾರು ಯಾರು ಕೊಂಡೊಯ್ದರು ಎಂಬುದು ಶಾಶ್ವತವಾಗಿ ಉಳಿಯುತ್ತದೆ. ಭಾರತದ ಗ್ರಂಥಾಲಯಗಳಲ್ಲಿಯೂ ಬಳಕೆಯಲ್ಲಿದ್ದ ಬ್ರೌನ್ ವಿಧಾನದಲ್ಲಿ ಪುಸ್ತಕದ ಕಾರ್ಡನ್ನು ಓದುಗರ ಟಿಕೆಟಿನ ಜೇಬಿನೊಳಗೆ ಇರಿಸಲಾಗುತ್ತದೆ. ಪುಸ್ತಕ ಹಿಂದಿರುಗಿದೊಡನೆ ಎರಡನ್ನೂ ಬೇರ್ಪಡಿಸುವುದರಿಂದ ಯಾರು ಓದಿದರು ಎಂಬ ಗುರುತು ಉಳಿಯುವುದಿಲ್ಲ. ಪುಸ್ತಕದ ಕೊನೆಗೆ ಅಂಟಿಸಿದ ಚೀಟಿಯಲ್ಲಿ ಉಳಿಯುವುದು ದಿನಾಂಕಗಳ ಮುದ್ರೆ ಮಾತ್ರ. ಮೊದಲ ವಿಧಾನವು ಇತಿಹಾಸಕಾರರಿಗೆ ಅನುಕೂಲಕರವಾದರೆ ಎರಡನೆಯದು ಓದುಗರ ಖಾಸಗಿತನವನ್ನು ಕಾಪಾಡುತ್ತದೆ.

ಜಪಾನಿನ ಕೆಲವು ಸಾರ್ವಜನಿಕ ಗ್ರಂಥಾಲಯಗಳಲ್ಲಿ ಬ್ಯಾಂಕಿನ ಪಾಸ್‌ಪುಸ್ತಕವನ್ನು ಹೋಲುವ ಓದಿನ ಪಾಸ್‌ಪುಸ್ತಕಗಳಿದ್ದು, ಎರವಲು ಪಡೆದ ಪುಸ್ತಕಗಳ ಹೆಸರನ್ನು ಯಂತ್ರವು ಅದರಲ್ಲಿ ಮುದ್ರಿಸಿಕೊಡುತ್ತದೆ. ಇಲ್ಲಿ ಎರವಲಿನ ದಾಖಲೆಯು ಓದುಗರ ಕೈಗೇ ಸೇರುತ್ತದೆ.

### ಸಂಶೋಧನೆಯಲ್ಲಿ

ಸ್ಕಾಟ್ಲೆಂಡಿನ ಇನ್ನರ್‌ಪೆಫ್ರೇ ಗ್ರಂಥಾಲಯದ ಎರವಲು ವಹಿ 1747ರಿಂದ ಆರಂಭವಾಗುತ್ತದೆ. ನ್ಯೂಯಾರ್ಕ್ ಸೊಸೈಟಿ ಗ್ರಂಥಾಲಯದ ವಹಿಯಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1789ರ ಅಕ್ಟೋಬರ್ 5ರಂದು ಪಡೆದ ಎರಡು ಪುಸ್ತಕಗಳ ನಮೂದು ಇದೆ. ಹಿಂದಿರುಗಿಸಿದ ನಮೂದು ಇಲ್ಲ.

ಅಮೆರಿಕದ ಇಂಡಿಯಾನಾ ರಾಜ್ಯದ ಮನ್ಸಿ ಪಟ್ಟಣದ ಸಾರ್ವಜನಿಕ ಗ್ರಂಥಾಲಯದ 1891ರಿಂದ 1902ರವರೆಗಿನ ವಹಿಗಳು 2003ರಲ್ಲಿ ಬೆಳಕಿಗೆ ಬಂದವು. ಸುಮಾರು 1,75,000 ಎರವಲುಗಳ ವಿವರವುಳ್ಳ ಇವುಗಳನ್ನು ದತ್ತಸಂಚಯವಾಗಿ ಸಿದ್ಧಪಡಿಸಿ, ಸಾಮಾನ್ಯ ಪಟ್ಟಣಿಗರು ಏನನ್ನು ಓದುತ್ತಿದ್ದರು ಎಂಬುದನ್ನು ಅಧ್ಯಯನ ಮಾಡಲಾಗಿದೆ. ಪ್ಯಾರಿಸಿನಲ್ಲಿ ಸಿಲ್ವಿಯಾ ಬೀಚ್ ನಡೆಸುತ್ತಿದ್ದ ಶೇಕ್ಸ್‌ಪಿಯರ್ ಅಂಡ್ ಕಂಪನಿಯ ಎರವಲು ಕಾರ್ಡುಗಳನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವು ಗಣಕೀಕರಿಸಿದೆ; ಅರ್ನೆಸ್ಟ್ ಹೆಮಿಂಗ್‌ವೇ ಮತ್ತು ಸಿಮೋನ್ ದ ಬೊವಾರ್ ಅಲ್ಲಿನ ಸದಸ್ಯರಲ್ಲಿ ಸೇರಿದ್ದರು. ಬ್ರಿಟನ್ನಿನಲ್ಲಿ 1996ರಲ್ಲಿ ಆರಂಭವಾದ ರೀಡಿಂಗ್ ಎಕ್ಸ್‌ಪೀರಿಯನ್ಸ್ ಡೇಟಾಬೇಸ್, 1450ರಿಂದ 1945ರವರೆಗಿನ ಓದಿನ ಸಾಕ್ಷ್ಯಗಳನ್ನು ದಿನಚರಿ, ಪತ್ರ, ಪುಟದಂಚಿನ ಟಿಪ್ಪಣಿ ಮುಂತಾದವುಗಳಿಂದ ಸಂಗ್ರಹಿಸಿದೆ.

## ಅಂತರ್ಜಾಲದಲ್ಲಿ

ಓದಿನ ಪಟ್ಟಿಗಳನ್ನು ಅಂತರ್ಜಾಲದಲ್ಲಿ ಇಡುವ ಸೇವೆಗಳಲ್ಲಿ ಲೈಬ್ರರಿಥಿಂಗ್ 2005ರಲ್ಲಿಯೂ ಗುಡ್‌ರೀಡ್ಸ್ 2007ರಲ್ಲಿಯೂ ಆರಂಭವಾದವು. ಗುಡ್‌ರೀಡ್ಸ್ ತಾಣವನ್ನು ಅಮೆಜಾನ್ ಸಂಸ್ಥೆ 2013ರಲ್ಲಿ ಕೊಂಡುಕೊಂಡಿತು. 2008ರಲ್ಲಿ ಅದೇ ಸಂಸ್ಥೆ ಕೊಂಡುಕೊಂಡಿದ್ದ ಶೆಲ್ಫಾರಿ ಎಂಬ ತಾಣವನ್ನು 2016ರಲ್ಲಿ ಮುಚ್ಚಿ ಗುಡ್‌ರೀಡ್ಸ್‌ನಲ್ಲಿ ವಿಲೀನಗೊಳಿಸಲಾಯಿತು. ಸ್ಟೋರಿಗ್ರಾಫ್, ವಿಕೇಂದ್ರೀಕೃತ ವ್ಯವಸ್ಥೆಯಾದ ಬುಕ್‌ವರ್ಮ್ ಮತ್ತು ಇಂಟರ್ನೆಟ್ ಆರ್ಕೈವ್‌ನ ಓಪನ್ ಲೈಬ್ರರಿ ಇತರ ಸೇವೆಗಳು. ಶೆಲ್ಫಾರಿಯ ಉದಾಹರಣೆಯು ಜಾಲತಾಣವನ್ನು ನಂಬಿದ ದಾಖಲೆಯ ಆಯುಷ್ಯವು ಆ ತಾಣದ ಆಯುಷ್ಯವನ್ನು ಅವಲಂಬಿಸಿದೆ ಎಂಬುದನ್ನು ತೋರಿಸುತ್ತದೆ. ಪಟ್ಟಿಯನ್ನು ಕಡತವಾಗಿ ಇಳಿಸಿಕೊಳ್ಳುವ ಸೌಲಭ್ಯವು ಹಲವು ಸೇವೆಗಳಲ್ಲಿದೆ.

ಈ ಸೇವೆಗಳು ಪುಸ್ತಕಗಳನ್ನು ಗುರುತಿಸಲು ಹೆಚ್ಚಾಗಿ ಐಎಸ್‌ಬಿಎನ್ ಸಂಖ್ಯೆಯನ್ನು ಅವಲಂಬಿಸುತ್ತವೆ. ಇದು ಅಂತರರಾಷ್ಟ್ರೀಯ ಮಾನಕವಾದದ್ದು 1970ರಲ್ಲಿ. ಅದಕ್ಕೂ ಹಿಂದಿನ ಕನ್ನಡ ಮುದ್ರಣಗಳಿಗೆ ಈ ಸಂಖ್ಯೆಯಿಲ್ಲ, ನಂತರದ ಪುಸ್ತಕಗಳಲ್ಲಿಯೂ ಎಲ್ಲವಕ್ಕೂ ಇಲ್ಲ. ಒಂದೇ ಕನ್ನಡ ಕೃತಿಯು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯ ಬೇರೆ ಬೇರೆ ಕಾಗುಣಿತಗಳಲ್ಲಿಯೂ ದಾಖಲಾಗಿ ಹಲವು ಕೃತಿಗಳಂತೆ ತೋರುವುದೂ ಉಂಟು. ಇಂತಹ ನಮೂದುಗಳನ್ನು ಸ್ವಯಂಸೇವಕ ಓದುಗರು ಒಂದುಗೂಡಿಸುತ್ತಾರೆ.

## ಖಾಸಗಿತನ

ವ್ಯಕ್ತಿಯ ಓದಿನ ಪಟ್ಟಿಯು ಅವರ ನಂಬಿಕೆ, ಆರೋಗ್ಯ, ರಾಜಕೀಯ ಒಲವು ಮತ್ತು ಆತಂಕಗಳನ್ನು ಸೂಚಿಸಬಲ್ಲದು. ಓದುಗರು ತಾವಾಗಿ ಬರೆದುಕೊಂಡ ದಾಖಲೆ ಅವರ ಹಿಡಿತದಲ್ಲಿರುತ್ತದೆ; ಅನ್ಯರ ಬಳಿ ಇರುವ ದಾಖಲೆಗೆ ಈ ಮಾತು ಅನ್ವಯಿಸುವುದಿಲ್ಲ.

ಅಮೆರಿಕದ ಕೊಲರಾಡೊ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ, ಗ್ರಾಹಕರೊಬ್ಬರ ಪುಸ್ತಕ ಖರೀದಿಯ ವಿವರಗಳನ್ನು ಪೊಲೀಸರಿಗೆ ನೀಡಲು ನಿರಾಕರಿಸಿದ್ದ ಟ್ಯಾಟರ್ಡ್ ಕವರ್ ಪುಸ್ತಕ ಮಳಿಗೆಯ ಪರವಾಗಿ ತೀರ್ಪು ನೀಡಿತು. 2001ರ ಪೇಟ್ರಿಯಟ್ ಕಾಯ್ದೆಯು ತನಿಖಾ ಸಂಸ್ಥೆಗಳಿಗೆ ನೀಡಿದ ಅಧಿಕಾರಗಳನ್ನು ಅಲ್ಲಿನ ಗ್ರಂಥಪಾಲಕರು ವಿರೋಧಿಸಿದರು. 2005ರಲ್ಲಿ ಕನೆಕ್ಟಿಕಟ್ ರಾಜ್ಯದ ನಾಲ್ವರು ಗ್ರಂಥಪಾಲಕರು ಗ್ರಂಥಾಲಯದ ಗಣಕಯಂತ್ರ ಬಳಕೆಯ ಮಾಹಿತಿ ಕೋರಿದ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಈ ವಿಷಯವನ್ನು ಬಹಿರಂಗಪಡಿಸದಂತೆ ಅವರ ಮೇಲೆ ನಿರ್ಬಂಧವಿತ್ತು. 2006ರಲ್ಲಿ ಬೇಡಿಕೆಯನ್ನು ಕೈಬಿಡಲಾಯಿತು.

ಇ-ಪುಸ್ತಕಗಳಲ್ಲಿ ಯಾವ ಪುಟದವರೆಗೆ ಓದಲಾಗಿದೆ ಎಂಬ ವಿವರವೂ ತಾನಾಗಿ ದಾಖಲಾಗಬಲ್ಲದು. 2014ರಲ್ಲಿ ಅಡೋಬಿ ಡಿಜಿಟಲ್ ಎಡಿಷನ್ಸ್ ತಂತ್ರಾಂಶವು ಬಳಕೆದಾರರ ಓದಿನ ಮಾಹಿತಿಯನ್ನು ಗೂಢಲಿಪೀಕರಣವಿಲ್ಲದೆ ಸಂಸ್ಥೆಗೆ ರವಾನಿಸುತ್ತಿದ್ದುದು ಬಯಲಾಗಿ, ನಂತರ ಅದನ್ನು ಸರಿಪಡಿಸಲಾಯಿತು.

ಭಾರತದಲ್ಲಿ ಖಾಸಗಿತನವು ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರಲ್ಲಿ ಸರ್ವಾನುಮತದಿಂದ ಘೋಷಿಸಿತು. ಈ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಡಿಜಿಟಲ್ ರೂಪದ ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ 2023ರಲ್ಲಿ ಕಾಯ್ದೆಯನ್ನು ರೂಪಿಸಲಾಯಿತು.

## ಮಿತಿಗಳು ಮತ್ತು ಟೀಕೆ

ಓದಿನ ದಾಖಲೆಯು ಪೂರ್ಣ ಚಿತ್ರವನ್ನು ನೀಡುವುದಿಲ್ಲ. ಪತ್ರಿಕೆ, ಬಿಡಿ ಲೇಖನ, ಪಠ್ಯಪುಸ್ತಕ, ಪದೇ ಪದೇ ತೆರೆಯುವ ನಿಘಂಟು ಮತ್ತು ನಿತ್ಯ ಪಾರಾಯಣದ ಗ್ರಂಥಗಳು ಸಾಮಾನ್ಯವಾಗಿ ಪಟ್ಟಿಯಿಂದ ಹೊರಗುಳಿಯುತ್ತವೆ. ಗಮಕ ವಾಚನದಂತೆ ಒಬ್ಬರು ಓದಿ ಹಲವರು ಕೇಳುವ ಪರಂಪರೆಯಲ್ಲಿ ಕೇಳುಗರ ಪರಿಚಯಕ್ಕೆ ಬಂದ ಕಾವ್ಯಗಳು ಯಾವ ಪಟ್ಟಿಯಲ್ಲಿಯೂ ದಾಖಲಾಗುವುದಿಲ್ಲ. ಇತರರು ನೋಡುತ್ತಾರೆಂಬ ಅರಿವಿದ್ದಾಗ ಪ್ರತಿಷ್ಠಿತ ಕೃತಿಗಳನ್ನು ಸೇರಿಸಿ ಲಘು ಓದನ್ನು ಮರೆಮಾಡುವ ಸಾಧ್ಯತೆಯೂ ಇದೆ. ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ವ್ಯಕ್ತಿಯು ಆ ಪುಸ್ತಕವನ್ನು ಓದಿಲ್ಲವೆಂದು ಸಂಶೋಧಕರು ತೀರ್ಮಾನಿಸಲಾಗದು.

ವರ್ಷಕ್ಕೆ ಇಷ್ಟು ಪುಸ್ತಕಗಳೆಂಬ ಗುರಿಯನ್ನು ಇಟ್ಟುಕೊಳ್ಳುವ ಪದ್ಧತಿಯು ಜಾಲತಾಣಗಳಿಂದ ಜನಪ್ರಿಯವಾಗಿದೆ. ಇದು ಓದಿಗೆ ಸಮಯ ಮೀಸಲಿಡಲು ನೆರವಾಗುತ್ತದೆಯಾದರೂ, ಸಂಖ್ಯೆಯೇ ಗುರಿಯಾದಾಗ ಸಣ್ಣ ಪುಸ್ತಕಗಳ ಆಯ್ಕೆ, ಅವಸರದ ಓದು ಮತ್ತು ಮರು ಓದಿನ ಬಗ್ಗೆ ಹಿಂಜರಿಕೆ ಉಂಟಾಗುತ್ತವೆ ಎಂಬ ಟೀಕೆಯಿದೆ. 'ಮಲೆಗಳಲ್ಲಿ ಮದುಮಗಳು' ಅಥವಾ 'ಪರ್ವ'ದಂತಹ ಬೃಹತ್ ಕಾದಂಬರಿಯೂ ನೂರು ಪುಟಗಳ ಕಿರುಪುಸ್ತಕವೂ ಇಂತಹ ಎಣಿಕೆಯಲ್ಲಿ ಒಂದೊಂದೇ ಆಗುತ್ತವೆ. ಇತಿಹಾಸದಲ್ಲಿ ಉಪಯುಕ್ತವಾಗಿ ಉಳಿದಿರುವ ಫೋಟಿಯಸ್, ಮಾಂಟೇನ್, ಡಾರ್ವಿನ್ ಅವರ ದಾಖಲೆಗಳ ಮಹತ್ವವು ಪುಸ್ತಕಗಳ ಸಂಖ್ಯೆಯಲ್ಲಿಲ್ಲ. ಯಾವಾಗ, ಏನನ್ನು ಓದಲಾಯಿತು ಮತ್ತು ಓದಿದವರಿಗೆ ಆಗ ಏನನಿಸಿತು ಎಂಬ ಖಚಿತ ವಿವರಗಳಲ್ಲಿದೆ.

## ಇವನ್ನೂ ನೋಡಿ

* ದಿನಚರಿ
* ಗ್ರಂಥಸೂಚಿ
* ಗ್ರಂಥಾಲಯ
* ಪುಸ್ತಕ ವಿಮರ್ಶೆ
* ಕವಿರಾಜಮಾರ್ಗ
* ಗಮಕ
* ಖಾಸಗಿತನದ ಹಕ್ಕು